ಎಮ್ಮೆಯ ಮೈಮೇಲೆ ಬಣ್ಣ

ಈ ಬರಹದಲ್ಲಿ ಕಾಲು ಭಾಗ ಸುಳ್ಳಿರಬಹುದು. ಯಾವ ಕಾಲು ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದುವಾಗ, ಕಣ್ಣಾರೆ ಕಂಡದ್ದನ್ನೂ ಇನ್ನೊಮ್ಮೆ ಮಾಡಿ ನೋಡದೆ ನಂಬಬಾರದು ಎಂದು ಕಲಿಸಿದ್ದರು. ನೆನಪನ್ನು ಇನ್ನೊಮ್ಮೆ ಮಾಡಿ ನೋಡುವ ಪ್ರಯೋಗಶಾಲೆ ಎಲ್ಲಿಯೂ ಇಲ್ಲ. ಆದ್ದರಿಂದ ನನಗೆ ನೆನಪಿರುವುದು, ಶಾಂತಕ್ಕ ತಿದ್ದಿದ್ದು, ರುದ್ರಣ್ಣ ತಿದ್ದಲು ಹೋಗಿ ಕೆಡಿಸಿದ್ದು ಎಲ್ಲವನ್ನೂ ಕೂಡಿಸಿ ಬರೆಯುತ್ತಿದ್ದೇನೆ. ರುದ್ರಣ್ಣ ನನ್ನ ಮಾಲೀಕ. ಶಾಂತಕ್ಕ ನನ್ನ ಜೊತೆ ಕೆಲಸ ಮಾಡಿದವಳು. ಇಬ್ಬರೂ ಈಗಲೂ ಗಟ್ಟಿಯಾಗಿದ್ದಾರೆ, ಅವರ ದನಿಗಳೂ ಹಾಗೆಯೇ.

ಈ ಕೆಲಸಕ್ಕೆ ಹೊಸದಾಗಿ ಇಳಿದವರು ಆಗಾಗ ಸಿಗುತ್ತಾರೆ. ಅವರ ಯಂತ್ರಗಳನ್ನು ನೋಡಿದ್ದೇನೆ. ಕರಿ ಅಂಗಿಯನ್ನು ಯಂತ್ರದ ಬಾಯಿಗೆ ಕೊಟ್ಟು, ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿ, ಚಹಾ ಕುಡಿದು ಬರುವುದರೊಳಗೆ ಮಗುವಿನ ಫೋಟೋ ಹಲ್ಲುಗಳ ಸಮೇತ ಅಂಗಿಯ ಮೇಲೆ ಮೂಡಿರುತ್ತದೆ. ಎರಡು ಸಾವಿರದ ಇಸವಿಯ ನಂತರ ನಾನೂ ಅಂಥ ಯಂತ್ರಗಳ ಜೊತೆ ಹಲವು ವರ್ಷ ಕಳೆದೆ. ಅವುಗಳ ಬಗ್ಗೆ ಹೇಳಲು ಕತೆಗಳೇ ಇಲ್ಲ. ಅವು ಕೆಟ್ಟರೆ ರಿಪೇರಿಯವನು ಬರುತ್ತಿದ್ದ, ಅಷ್ಟೇ. ಕತೆಗಳಿರುವುದು ಅದಕ್ಕೂ ಮೊದಲಿನ ತೊಂಬತ್ತರ ದಶಕದಲ್ಲಿ. ಆಗ ಒಂದು ಭಟ್ಟಿಗಾಗಿ ನಾನು ಎರಡು ವರ್ಷ ಗೋಗರೆದೆ. ಅದರ ಕತೆಯನ್ನೇ ಹೇಳುತ್ತೇನೆ.

ಎಂ.ಎಸ್ಸಿ. ಮುಗಿಸಿ, ಸಂಶೋಧನೆಗೆ ಸೇರಿ, ಬೇಸರವಾಗಿ ಬಿಟ್ಟು, ಟ್ಯೂಷನ್ ಹೇಳಿ, ಅದನ್ನೂ ಬಿಟ್ಟು ಧಾರವಾಡದ ಕೆಲಗೇರಿಯ ಮನೆಯಲ್ಲಿ ಕುಳಿತಿದ್ದ ಕಾಲ. ಹುಬ್ಬಳ್ಳಿಯ ಬೈರಿದೇವರಕೊಪ್ಪದ ಹತ್ತಿರ ಒಂದು ತಗಡಿನ ಶೆಡ್ಡಿನಲ್ಲಿ ಬಟ್ಟೆಗೆ ಬಣ್ಣ ಹಾಕುವವರಿಗೆ ಓದಿದವರೊಬ್ಬರು ಬೇಕಂತೆ ಎಂದು ಯಾರೋ ಹೇಳಿದರು. ಬಸ್ಸು ಹತ್ತಿ ಹೋದೆ. ರುದ್ರಣ್ಣ ಮೊದಲು ಲಾರಿಗಳ ಹಿಂದೆ, ಅಂಗಡಿಗಳ ಮುಂದೆ ಬೋರ್ಡು ಬರೆಯುತ್ತಿದ್ದವನು. ಈಗ ಮದುವೆಯಲ್ಲಿ ತಾಂಬೂಲ ಕೊಡುವ ಚೀಲಗಳ ಮೇಲೆ ಹೆಸರು ಅಚ್ಚು ಹಾಕುತ್ತಿದ್ದ.

"ಏನ್ ಓದೀರಿ?" ಎಂದು ಕೇಳಿದ.

"ಎಮ್ಮೆಸ್ಸಿರಿ. ಕೆಮಿಸ್ಟ್ರಿ."

"ಛಲೋ ಆತು. ನಮಗ ಎಮ್ಮಿ ಮೈಮ್ಯಾಲ ಬಣ್ಣಾ ಕೂಡಸೂದೈತಿ. ಅದಕ್ಕ ಎಮ್ಮೆಸ್ಸಿನ ಬೇಕು."

ಎಮ್ಮೆ ಎಂದರೆ ಕರಿ ಬಟ್ಟೆ ಎಂದು ತಿಳಿಯಲು ನನಗೆ ಒಂದು ಗಳಿಗೆ ಹಿಡಿಯಿತು. ಆ ಶೆಡ್ಡಿನಲ್ಲಿ ಬಿಳಿ ಬಟ್ಟೆಯ ಕೆಲಸಕ್ಕೆ ಆಕಳ ಕೆಲಸ, ಕರಿ ಬಟ್ಟೆಯ ಕೆಲಸಕ್ಕೆ ಎಮ್ಮಿ ಕೆಲಸ ಎಂದು ಹೆಸರು. ಅಂದಿನಿಂದ ನನ್ನ ಹೆಸರು ಎಮ್ಮೆಸ್ಸಿ ಸಾಹೇಬ. ಅಪ್ಪ ಅಮ್ಮ ಇಟ್ಟ ಹೆಸರಿನಿಂದ ರುದ್ರಣ್ಣ ಒಮ್ಮೆಯೂ ಕರೆದದ್ದು ನೆನಪಿಲ್ಲ.

ಕೆಲಸದ ಮೂಲ ಸರಳ. ಮರದ ಚೌಕಟ್ಟಿಗೆ ತೆಳುವಾದ ಬಲೆಬಟ್ಟೆ ಬಿಗಿದಿರುತ್ತದೆ. ಅದಕ್ಕೆ ಫ್ರೇಮು ಎನ್ನುತ್ತಿದ್ದೆವು. ಚಿತ್ರ ಇರಬೇಕಾದ ಕಡೆ ಬಲೆಯ ಕಣ್ಣು ತೆರೆದಿರುತ್ತದೆ, ಉಳಿದ ಕಡೆ ಮುಚ್ಚಿರುತ್ತದೆ. ಮೇಲೆ ಬಣ್ಣದ ಪೇಸ್ಟು ಸುರಿದು ರಬ್ಬರಿನ ಪಟ್ಟಿಯಿಂದ ಎಳೆದರೆ ಕೆಳಗಿನ ಬಟ್ಟೆಗೆ ಚಿತ್ರ ಇಳಿಯುತ್ತದೆ. ಬಣ್ಣದ ಫೋಟೋ ಆದರೆ ಅದನ್ನು ನಾಲ್ಕು ಬಣ್ಣಗಳಾಗಿ ಒಡೆದು, ಒಂದೊಂದಕ್ಕೆ ಒಂದೊಂದು ಫ್ರೇಮು. ಬಿಳಿ ಬಟ್ಟೆಯ ಮೇಲೆ ಇದನ್ನು ಯಾರಾದರೂ ಮಾಡಬಹುದು. ಕರಿ ಬಟ್ಟೆಯ ಮೇಲೆ ಹಾಕಿದ ಬಣ್ಣ ಮಾತ್ರ ಬಾವಿಗೆ ಬಿದ್ದ ಉಂಗುರದ ಹಾಗೆ. ಇದೆ ಎಂದು ಗೊತ್ತು, ಕಾಣುವುದಿಲ್ಲ.

ನಾನು ಸೇರುವ ಮೊದಲೇ ರುದ್ರಣ್ಣ ಒಂದು ತರುಣ ಮಂಡಳದವರಿಗೆ ಕರಿ ಅಂಗಿಯ ಮೇಲೆ ಹುಲಿಯನ್ನು ಅಚ್ಚು ಹಾಕಿ ಕೊಟ್ಟಿದ್ದನಂತೆ. ಅವರು ಅಂಗಿಯನ್ನು ಬಿಸಿಲಿಗೆ ಹಿಡಿದು, ಮಗ್ಗಲು ಮಾಡಿ, ಎಲ್ಲ ಕಡೆಯಿಂದ ನೋಡಿ ಕೇಳಿದ್ದರಂತೆ:

"ರುದ್ರಣ್ಣಾರ, ಹುಲಿ ಎಲ್ಲೈತ್ರಿ?"

"ಐತಿ. ಕತ್ತಲಾಗ ಕುಂತೈತಿ," ಎಂದಿದ್ದನಂತೆ ರುದ್ರಣ್ಣ.

ಇದಕ್ಕೆ ಮದ್ದು ಬಿಳಿ. ಮೊದಲು ಕರಿ ಬಟ್ಟೆಯ ಮೇಲೆ ಚಿತ್ರದ ಆಕಾರಕ್ಕೆ ದಪ್ಪ ಬಿಳಿ ಪೇಸ್ಟು ಹಾಕಬೇಕು, ಅದು ಒಣಗಿದ ಮೇಲೆ ಉಳಿದ ಬಣ್ಣಗಳನ್ನು ಅದರ ಮೇಲೆ ಕೂಡಿಸಬೇಕು. ಈ ಬಿಳಿಗೆ ನಾವು ಅಸ್ತರ ಎಂದು ಹೆಸರಿಟ್ಟೆವು. ದರ್ಜಿಗಳು ಕೋಟಿನ ಒಳಗೆ ಹಾಕುವ ಅಸ್ತರವಿದೆಯಲ್ಲ, ಅದೇ ಮಾತು. ಈ ಉಪಾಯವನ್ನು ಮೊದಲು ಹೇಳಿದ್ದು ನಾನು ಎಂದು ನನ್ನ ನೆನಪು. ರುದ್ರಣ್ಣನ ಪ್ರಕಾರ, ಲಾರಿಯ ಮೇಲೆ ಬರೆಯುವಾಗ ಅವನು ಯಾವಾಗಲೂ ಬಿಳಿ ಹಚ್ಚಿಯೇ ಶುರು ಮಾಡುತ್ತಿದ್ದ, ಹಾಗಾಗಿ ಅದು ಅವನದು. ನೀವಿಬ್ಬರೂ ಜಗಳಾಡುವಾಗ ನಾನೇ ಬೇಸತ್ತು ಹೇಳಿದೆ ಎಂದು ಶಾಂತಕ್ಕ. ಮೂವರಲ್ಲಿ ಇಬ್ಬರಾದರೂ ಸುಳ್ಳು ಹೇಳುತ್ತಿದ್ದೇವೆ. ಪ್ರಾಮಾಣಿಕವಾಗಿಯೇ ಹೇಳುತ್ತಿದ್ದೇವೆ ಎಂಬುದು ಇನ್ನೂ ಕಷ್ಟದ ವಿಷಯ.

ಅಸ್ತರ ಬಣ್ಣಕ್ಕಿಂತ ಕೂದಲೆಳೆಯಷ್ಟು ಸಣ್ಣದಿರಬೇಕು, ಇಲ್ಲದಿದ್ದರೆ ಚಿತ್ರದ ಸುತ್ತ ಬಿಳಿ ಗೆರೆ ಇಣುಕುತ್ತದೆ. ಮೊದಮೊದಲು ನಮ್ಮವೆಲ್ಲ ಇಣುಕುತ್ತಿದ್ದವು. ಶಾಂತಕ್ಕ ಒಣಹಾಕುವ ಹಗ್ಗದ ಹತ್ತಿರ ನಿಂತು ಇಡೀ ಶೆಡ್ಡಿಗೆ ಕೇಳುವಂತೆ ಕೂಗುತ್ತಿದ್ದಳು:

"ಎಮ್ಮೆಸ್ಸಿ ಸರ, ಲಂಗಾ ಕಾಣಾಕತ್ತೈತ್ರಿ! ಸೀರಿ ಇಳಸ್ರಿ!"

ಇಂದಿಗೂ ಯಾರದಾದರೂ ಅಂಗಿಯ ಮೇಲೆ ಬಿಳಿ ಗೆರೆ ಕಂಡರೆ ನಾನು ಮರ್ಯಾದೆಯಿಂದ ಬೇರೆ ಕಡೆ ನೋಡುತ್ತೇನೆ.

ಬಣ್ಣ ಕಾಣಿಸತೊಡಗಿತು. ಇನ್ನು ನಿಲ್ಲಬೇಕಿತ್ತು. ನಾವು ಬಳಸುತ್ತಿದ್ದ ಪೇಸ್ಟು ಬರೀ ಗಾಳಿಗೆ ಒಣಗಿದರೆ ಸಾಲದು. ಅದಕ್ಕೆ ಒಳ್ಳೆಯ ಕಾವು ಬೇಕು, ಆಗಲೇ ಅದು ನೂಲನ್ನು ಹಿಡಿದುಕೊಳ್ಳುವುದು. ಕಾವು ಸಮನಾಗಿ ಕೊಡಲು ವಿದ್ಯುತ್ತಿನ ಒಂದು ಉದ್ದನೆಯ ಪೆಟ್ಟಿಗೆ ಸಿಗುತ್ತಿತ್ತು. ಅಂಗಿ ಒಂದು ಬಾಯಿಯಿಂದ ಒಳಗೆ ಹೋಗಿ, ಪಟ್ಟಿಯ ಮೇಲೆ ಸಾಗಿ, ಇನ್ನೊಂದು ಬಾಯಿಯಿಂದ ಹೊರಗೆ ಬರುವಂಥದ್ದು. ಅದಕ್ಕೆ ನಾವು ಭಟ್ಟಿ ಎನ್ನುತ್ತಿದ್ದೆವು. ಅಂದರೆ, ನಾನು ಎನ್ನುತ್ತಿದ್ದೆ. ಭಟ್ಟಿಯನ್ನು ನೋಡಿದವರೇ ಅಲ್ಲಿ ಯಾರೂ ಇರಲಿಲ್ಲ.

"ಭಟ್ಟಿ ತರ್ರಿ ರುದ್ರಣ್ಣಾರ, ಬಣ್ಣಾ ನಿಂದ್ರಸ್ತೇನಿ," ಎಂದು ನಾನು.

"ಬಣ್ಣಾ ನಿಂದ್ರಸಿ ತೋರಸ್ರಿ ಸಾಹೇಬ್ರ, ಭಟ್ಟಿ ತರ್ತೇನಿ," ಎಂದು ಅವನು.

ಈ ಸಂಭಾಷಣೆ ಎರಡು ವರ್ಷ ನಡೆಯಿತು. ನಡುವೆ ಒಮ್ಮೆ ರುದ್ರಣ್ಣ, "ಭಟ್ಟಿ ಅಂದ್ರ ಭಟ್ಟಿನ ಅಲ್ಲೇನ್ರಿ?" ಎಂದು, ಕಬಡ್ಡಿ ತಂಡವೊಂದರ ಕರಿ ಬನಿಯನ್ನುಗಳನ್ನೆಲ್ಲ ಹೊತ್ತುಕೊಂಡು ಹೋಗಿ ಪರಿಚಯದವರ ಚುರಮುರಿ ಹುರಿಯುವ ಭಟ್ಟಿಯ ಮೇಲೆ ಹಗ್ಗ ಕಟ್ಟಿ ತೂಗುಹಾಕಿದ. ಬನಿಯನ್ನಿನ ಮೇಲೆ ಉರಿಯುವ ಜ್ವಾಲೆಯ ಚಿತ್ರ. ಬೆಂಕಿಗೆ ಹತ್ತಿರವಿದ್ದವು ಚೆನ್ನಾಗಿ ಕಾದವು, ದೂರವಿದ್ದವಕ್ಕೆ ಬರೀ ವಾಸನೆ ಹತ್ತಿತು. ಒಂದು ಒಗೆತ ಆದ ಮೇಲೆ ಅರ್ಧ ತಂಡ ಉರಿಯುತ್ತಿತ್ತು, ಅರ್ಧ ತಂಡ ಆರಿತ್ತು. ಎದುರಾಳಿಯೊಬ್ಬ ನಮ್ಮ ತಂಡದವನನ್ನು ಹಿಡಿದವನು ಸೀಟಿ ಊದಿದರೂ ಬಿಡದೆ, "ತಡೀರಿ, ವಾಸನಿ ಛಲೋ ಐತಿ" ಎಂದನಂತೆ. ಇದು ರುದ್ರಣ್ಣ ಕಟ್ಟಿದ ಮಾತೇ ಇರಬೇಕು. ಆದರೂ ಬರೆದಿದ್ದೇನೆ.

ಅದರ ನಂತರ ರುದ್ರಣ್ಣ ಒಂದು ಗಡುವು ಕೊಟ್ಟ. ಸಂಕ್ರಮಣದೊಳಗೆ ಒಂದೇ ಒಂದು ಕರಿ ಬಟ್ಟೆ, ಗಿರಾಕಿ ಒಗೆದ ಮೇಲೂ ತಕರಾರಿಲ್ಲದೆ ಉಳಿಯಬೇಕು. ಉಳಿದರೆ ಭಟ್ಟಿ. ಇಲ್ಲದಿದ್ದರೆ ಎಮ್ಮೆ ಕೆಲಸ ಬಂದ್, ಎಮ್ಮೆಸ್ಸಿ ಸಾಹೇಬರು ಮದುವೆ ಚೀಲದ ಮೇಲೆ 'ಮದುವೆಯ ಸವಿನೆನಪಿಗಾಗಿ' ಎಂದು ಅಚ್ಚು ಹಾಕತಕ್ಕದ್ದು. ನನಗೆ ಅದು ಅನ್ನದ ಪ್ರಶ್ನೆಯಾಗಿರಲಿಲ್ಲ. ಸಂಶೋಧನೆ ಬಿಟ್ಟೆ, ಪಾಠ ಬಿಟ್ಟೆ, ಈ ಕರಿ ಬಟ್ಟೆಯನ್ನಾದರೂ ಬಿಡದೆ ಹಿಡಿಯಬೇಕು ಎಂಬ ಹಟ ಹುಟ್ಟಿತ್ತು. ಚೀಲಕ್ಕೆ ಮರಳುವುದೆಂದರೆ ಮತ್ತೊಂದನ್ನು ಬಿಟ್ಟ ಹಾಗೆ.

ಆ ಹೊತ್ತಿಗೆ ಸರಿಯಾಗಿ ಧಾರವಾಡದಿಂದ ಗೋದಾಬಾಯಿ ಬಂದರು.

ಅವರ ಮಗನಿಗೆ ಹೊಸದಾಗಿ ಮದುವೆಯಾಗಿತ್ತು. ಅವರಂಥ ಮನೆಗಳಲ್ಲಿ ಸೊಸೆಯ ಮೊದಲ ಸಂಕ್ರಮಣಕ್ಕೆ ಕರಿ ಸೀರೆ ಉಡಿಸುತ್ತಾರೆ. ವರ್ಷದಲ್ಲಿ ಕರಿ ಬಣ್ಣಕ್ಕೆ ಮರ್ಯಾದೆ ಸಿಗುವುದು ಅದೊಂದೇ ಹಬ್ಬಕ್ಕೆ. ಮೈತುಂಬ ಕುಸುರೆಳ್ಳಿನ, ಅಂದರೆ ಸಕ್ಕರೆ ಲೇಪಿಸಿದ ಎಳ್ಳಿನ, ಸರ ಹಾಕಿ, ಸಂಜೆ ಹೆಂಗಸರನ್ನೆಲ್ಲ ಕರೆದು ತೋರಿಸುತ್ತಾರೆ. ಗೋದಾಬಾಯಿಯವರ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಹಿಂದಿನ ವರ್ಷ ತನ್ನ ಸೊಸೆಗೆ ಕೈಕಸೂತಿಯ ಸೀರೆ ಉಡಿಸಿ ಊರೆಲ್ಲ ಹೊಗಳಿಸಿಕೊಂಡಿದ್ದಳಂತೆ.

"ನನಗ ಅದಕ್ಕಿಂತ ಮಿಗಿಲಾದದ್ದು ಬೇಕ್ರಿ," ಎಂದು ಚೀಲದಿಂದ ಹೊಸ ಕರಿ ಕೈಮಗ್ಗದ ಸೀರೆ ತೆಗೆದರು. ಅದರ ಹಿಂದೆಯೇ ಬಿಸ್ಕೀಟಿನ ಹಳೆಯ ಡಬ್ಬಿಯ ಮುಚ್ಚಳವೊಂದನ್ನು ತೆಗೆದರು. ಮುಚ್ಚಳದ ಮೇಲೆ ಮಾವಿನ ಟೊಂಗೆ, ಅದರ ಮೇಲೆ ಎರಡು ಗಿಳಿ. "ನನ್ನ ಮದುವ್ಯಾಗ ಬಂದ ಡಬ್ಬಿ ಇದು. ಈ ಗಿಳಿ ಹಿಂಗಽ ಸೆರಗಿನ ಮ್ಯಾಲ ಬರಬೇಕು. ಬರ್ತಾವೇನು?"

"ಬಂದು ಮಾತಾಡ್ತಾವ್ರಿ ಬಾಯಾರ," ಎಂದ ರುದ್ರಣ್ಣ.

ಗೋದಾಬಾಯಿ ಅವನನ್ನು ಬಿಟ್ಟು ನನ್ನ ಕಡೆ ತಿರುಗಿದರು. "ನೀವು ಓದಿದವರಂತ. ಖರೇ ಹೇಳ್ರಿ. ಮಡಿಗೆ ನಡೀತದೇನು?"

ನೀವು ಈ ಕೆಲಸಕ್ಕೆ ಬರುವವರಾದರೆ ಇಲ್ಲಿ ಕಿವಿಗೊಡಿ. ಗಿರಾಕಿ ಕೇಳಿದ ಪ್ರಶ್ನೆಯನ್ನು ಅವರ ಮನೆಯೊಳಗೆ ಹೋಗಿ ಕೇಳಿಸಿಕೊಳ್ಳಬೇಕು. ನಾನು ನನ್ನ ತಲೆಯೊಳಗೆ ಕೇಳಿಸಿಕೊಂಡೆ. ಮಡಿ ಎಂದರೆ ಮೈಲಿಗೆಯ ವಿಷಯ. ನಮ್ಮ ಫ್ರೇಮಿಗೆ ಅಂಟಿಸುವ ಫಿಲ್ಮಿನಲ್ಲಿ ಜೆಲಾಟಿನ್ ಇರುತ್ತಿತ್ತು, ಜೆಲಾಟಿನ್ ಮಾಡುವುದು ದನದ ಎಲುಬು ಚರ್ಮಗಳಿಂದ. ಅದು ಬಟ್ಟೆಗೆ ತಗಲುತ್ತದೆ, ಆದರೆ ಉಳಿಯುವುದಿಲ್ಲ. ತಗಲಿದ್ದು ಮೈಲಿಗೆಯೋ, ಉಳಿದದ್ದು ಮೈಲಿಗೆಯೋ? ಪೇಸ್ಟಿನಲ್ಲಿ ಏನಿದೆ? ಅದರಲ್ಲಿ ಪ್ರಾಣಿಯದ್ದು ಏನೂ ಇಲ್ಲ. ಒಳಗೊಳಗೇ ಇಷ್ಟು ವಾದ ಮುಗಿಸಿ, ಹಣೆ ಒರೆಸಿಕೊಂಡು, ಗಂಭೀರವಾಗಿ ಹೇಳಿದೆ:

"ಮಡಿಗೆ ಏನೂ ತೊಂದರಿ ಇಲ್ರಿ. ಧೈರ್ಯದಿಂದ ಉಡಸ್ರಿ."

ಅವರು ನಿಶ್ಚಿಂತೆಯಿಂದ ಬಸ್ಸು ಹತ್ತಿದರು.

ಆ ಗಿಳಿಗಳಿಗೆ ನಾನು ಪಟ್ಟ ಪಾಡನ್ನು ಎಲ್ಲ ಬರೆಯಲಾರೆ. ಕರಿಯ ಮೇಲೆ ಹಸಿರು ಕೂಡಿಸುವುದು ಎಲ್ಲಕ್ಕಿಂತ ಕಷ್ಟ. ಮೊದಲು ಹಳೆಯ ಕರಿ ಚಾದರದ ಮೇಲೆ ಪ್ರಯೋಗ ಮಾಡಿದೆವು. ಮೇಜಿನ ಮೇಲೆ ಚಾದರವನ್ನು ಸೀರೆಯಂತೆ ಉದ್ದಕ್ಕೆ ಹಾಸಿ, ನಾವು ನಿಂತ ಕಡೆಯಿಂದ ನೆಟ್ಟಗೆ ಕಾಣುವಂತೆ ಗಿಳಿಗಳನ್ನು ಇಳಿಸಿದೆವು. ಶಾಂತಕ್ಕ ಅದನ್ನು ಎತ್ತಿ ಸೆರಗಿನಂತೆ ಹೆಗಲ ಮೇಲೆ ಹಾಕಿಕೊಂಡು ಹಿಂದೆ ತಿರುಗಿ ನೋಡಿದಳು.

"ಗಿಳಿ ಯಾಕ ಅಡ್ಡ ಮಲಕ್ಕೊಂಡಾವ್ರಿ? ಜ್ವರಾ ಬಂದಾವೇನು?"

ಸೀರೆಯ ಉದ್ದ ಉಟ್ಟಾಗ ಸೆರಗಿನ ಎತ್ತರವಾಗುತ್ತದೆ ಎಂಬುದು ನಮ್ಮಿಬ್ಬರು ಗಂಡಸರಿಗೂ ಹೊಳೆದಿರಲಿಲ್ಲ. ರುದ್ರಣ್ಣನ ಮದುವೆಯಾಗಿ ಆಗಲೇ ಬಹಳ ವರ್ಷವಾಗಿತ್ತು. "ಹೆಂಡ್ತಿ ಬೆನ್ನ ಕಡೆ ನಿಂತು ಯಾವಾಗರ ನೋಡೀರೇನು ಅಣ್ಣಾರ?" ಎಂದು ಶಾಂತಕ್ಕ ಕೇಳಿದಳು. "ಆಕಿ ಯಾವಾಗಲೂ ಎದುರಿಗೇ ನಿಂದರ್ತಾಳವಾ," ಎಂದು ರುದ್ರಣ್ಣ ನಿಟ್ಟುಸಿರಿಟ್ಟ.

ಕೊನೆಗೆ ಸೀರೆಯ ಮೇಲೆ ಗಿಳಿಗಳು ನೆಟ್ಟಗೆ ಕುಳಿತವು. ಮುಚ್ಚಳದ ತುಕ್ಕಿನ ಚುಕ್ಕೆಯೂ ಒಂದು ಗಿಳಿಯ ಕಣ್ಣಿನ ಕೆಳಗೆ ಹಾಗೆಯೇ ಮೂಡಿತ್ತು. ಭಟ್ಟಿ ಇಲ್ಲದ್ದರಿಂದ ಶಾಂತಕ್ಕ ಕಾಗದ ಹೊದಿಸಿ ಅಸ್ತರಕ್ಕೊಮ್ಮೆ, ಬಣ್ಣಕ್ಕೊಮ್ಮೆ, ಆಮೇಲೆ ಹಿಂಭಾಗದಿಂದ ಮತ್ತೊಮ್ಮೆ ಇಸ್ತ್ರಿ ಒತ್ತಿದಳು. ಒತ್ತುವಾಗ ನನ್ನನ್ನೂ, ಗಿಳಿಗಳನ್ನೂ, ಬಿಸ್ಕೀಟಿನವರನ್ನೂ ಬೈದಳು. ಹಬ್ಬಕ್ಕೆ ಕೆಲವು ದಿನ ಇರುವಾಗ ಸೀರೆ ಧಾರವಾಡಕ್ಕೆ ಹೋಯಿತು.

ಎರಡು ದಿನ ಸುಮ್ಮನೆ ಕಳೆದವು. ಮೂರನೆಯ ದಿನವೋ ನಾಲ್ಕನೆಯ ದಿನವೋ, ಗೋದಾಬಾಯಿ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. ಮುಖ ನೋಡಿದೊಡನೆ ನನಗೆ ಮದುವೆ ಚೀಲಗಳು ಕಣ್ಮುಂದೆ ಬಂದವು.

ಅವರು ಸೀರೆಯನ್ನು ಮೇಜಿನ ಮೇಲೆ ಬಿಡಿಸಿದರು.

ಗಿಳಿಗಳು ಇದ್ದಂತೆಯೇ ಇದ್ದವು. ಕೆಂಪು ಕೊಕ್ಕು, ಹಸಿರು ರೆಕ್ಕೆ, ತುಕ್ಕಿನ ಚುಕ್ಕೆ, ಯಾವುದೂ ಎಲ್ಲಿಯೂ ಹೋಗಿರಲಿಲ್ಲ. ಹೋದದ್ದು ಸೀರೆಯ ಕರಿ. ಅದು ಒಲೆಯ ಬೂದಿಯ ಬಣ್ಣಕ್ಕೆ ತಿರುಗಿ, ಅಲ್ಲಲ್ಲಿ ಮೋಡದಂತೆ ಮಚ್ಚೆಯಾಗಿತ್ತು.

"ಬಾಯಾರ! ನಮ್ಮ ಬಣ್ಣಾ ಗಟ್ಟಿ ಐತಲ್ರಿ!" ಎಂದು ರುದ್ರಣ್ಣ ಚಪ್ಪಾಳೆ ತಟ್ಟಿಬಿಟ್ಟ. "ಹೋಗಿದ್ದು ನಿಮ್ಮ ಕರೇ!"

"ಗಿಳಿ ಇಟಗೊಂಡು ನಾ ಏನ್ ಮಾಡ್ಲಿ? ಸಂಕ್ರಮಣಕ್ಕ ಬೂದಿ ಸೀರಿ ಉಡಸ್ತಾರೇನು? ನನ್ನ ನೆಗೆಣ್ಣಿ ನಕ್ಕೋತ ಮನಿಗೆ ಹೋಗ್ತಾಳ." ಅವರ ದನಿ ಸಣ್ಣಗಾಯಿತು. "ನಿಮ್ಮ ಓದಿದವರನ್ನ ಕೇಳಿ ನೆನಸೀನಿ. ಮಡಿಗೆ ನಡೀತದ ಅಂದಿದ್ರು."

ಆಗ ತಿಳಿಯಿತು. ಅವರ ಮನೆಯಲ್ಲಿ ಹೊಸ ಸೀರೆಯೂ ಒಮ್ಮೆ ನೀರಿಗೆ ಬೀಳದೆ ಮಡಿಯಾಗುವುದಿಲ್ಲ. ನೆನೆಸಿ, ಹಿಂಡಿ, ಯಾರೂ ಮುಟ್ಟದಂತೆ ಕೋಲಿನಿಂದ ಮೇಲಿನ ಗಳದ ಮೇಲೆ ಹರವಬೇಕು. ಆಮೇಲೆಯೇ ಉಟ್ಟು ಹಬ್ಬದ ಅಡುಗೆಗೆ ಒಳಗೆ ಹೋಗಬಹುದು. 'ಮಡಿಗೆ ನಡೀತದೇನು' ಎಂದರೆ 'ಉಡುವ ಮೊದಲೇ ನೆನೆಸಿ ಹಿಂಡಿದರೆ ತಡೆಯುತ್ತದೆಯೇ' ಎಂದು ಅರ್ಥ. ಅದು ನೀರಿನ ಪ್ರಶ್ನೆ. ನಾನು ಎಲುಬಿನ ಉತ್ತರ ಕೊಟ್ಟಿದ್ದೆ.

"ನಾ ಅಂದದ್ದು ಬ್ಯಾರೆ ಅರ್ಥದಾಗರಿ," ಎಂದು ಶುರುಮಾಡಿ ಜೆಲಾಟಿನ್ನಿನ ವಿಷಯ ಹೇಳಿಯೇಬಿಟ್ಟೆ. ಗೋದಾಬಾಯಿ ತಮ್ಮ ದುಃಖದಲ್ಲಿ ಅದನ್ನು ಕೇಳಿಸಿಕೊಳ್ಳಲಿಲ್ಲ. ರುದ್ರಣ್ಣ ಕೇಳಿಸಿಕೊಂಡ. ಅವನು ತತ್ತಿಯನ್ನೂ ಮುಟ್ಟದ ಮನುಷ್ಯ.

"ಎಲುಬು? ಇಷ್ಟ್ ವರ್ಷ ನಾ ಕೈಲೆ ಮುಟ್ಟೇನಲ್ರಿ ಸಾಹೇಬ್ರ!" ಎಂದು ನಲ್ಲಿಗೆ ಓಡಿ ಕೈ ತಿಕ್ಕತೊಡಗಿದ. "ಶಾಂತವ್ವ, ಸಬಕಾರ ಕೊಡು!"

"ರುದ್ರಣ್ಣಾರ, ಸಬಕಾರದಾಗೂ ಒಮ್ಮೊಮ್ಮೆ ಕೊಬ್ಬು..." ಎಂದೆ.

"ಸಾಕ್ ಬಿಡ್ರಿ! ಇನ್ನೊಂದ್ ಮಾತ್ ಹೇಳಬ್ಯಾಡ್ರಿ!"

ಈ ಗದ್ದಲದಲ್ಲಿ ಸೀರೆಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದ ನನಗೆ ಒಂದು ಯೋಚನೆ ಬಂತು. ಕರಿ ಹೋಗಿದ್ದರೆ ಕರಿಯನ್ನು ಮತ್ತೆ ಹಾಕಬಹುದಲ್ಲ? ಹತ್ತಿಗೆ ಹಾಕುವ ಕರಿ ಬಣ್ಣದ ಪುಡಿ ಹುಬ್ಬಳ್ಳಿ ಪೇಟೆಯಲ್ಲಿ ಸಿಗುತ್ತದೆ. ಕುದಿಯುವ ನೀರಿಗೆ ಬಣ್ಣ, ಉಪ್ಪು ಹಾಕಿ ಇಡೀ ಸೀರೆಯನ್ನು ಅದ್ದಿದರೆ ಹತ್ತಿಯ ನೂಲು ಕರಿಯಾಗುತ್ತದೆ. ಅಂಚು ಕೃತಕ ಜರಿಯದು, ಅದಕ್ಕೆ ಈ ಬಣ್ಣ ಹಿಡಿಯುವುದಿಲ್ಲ. ಗಿಳಿಗಳ ಅಡಿ ದಪ್ಪ ಅಸ್ತರವಿದೆ, ಮೂರು ಸಲ ಇಸ್ತ್ರಿ ಬಿದ್ದಿದೆ. ಅವು ತಡೆದರೂ ತಡೆಯಬಹುದು. ತಡೆಯದಿದ್ದರೆ ಗಿಳಿಯೂ ಹೋಯಿತು, ಸೀರೆಯೂ ಹೋಯಿತು, ಭಟ್ಟಿಯೂ ಹೋಯಿತು.

"ಗಿಳಿ ಉಳೀತಾವೇನು?" ಎಂದರು ಗೋದಾಬಾಯಿ.

"ಗೊತ್ತಿಲ್ರಿ," ಎಂದೆ. ಈ ಸಲ ಪ್ರಶ್ನೆ ಸರಿಯಾಗಿ ಅರ್ಥವಾಗಿತ್ತು.

ಅವರು ಗಿಳಿಗಳನ್ನು ಇನ್ನೊಮ್ಮೆ ನೋಡಿ, "ಹಾಕ್ರಿ. ಬೂದಿ ಉಡಸೂದಕ್ಕಿಂತ ಛಲೋ," ಎಂದು ಸ್ಟೂಲು ಎಳೆದುಕೊಂಡು ಕುಳಿತರು.

ಸೀರೆ ಮುಳುಗುವಷ್ಟು ದೊಡ್ಡ ಪಾತ್ರೆ ಶೆಡ್ಡಿನಲ್ಲಿರಲಿಲ್ಲ. ರುದ್ರಣ್ಣ ಮನೆಗೆ ಹೋಗಿ ಸ್ನಾನದ ನೀರು ಕಾಯಿಸುವ ತಾಮ್ರದ ಹಂಡೆಯನ್ನು ಹೆಂಡತಿಗೆ ಹೇಳದೆ ಹೊತ್ತು ತಂದ. ಮುಂದೆ ಒಂದು ವಾರ ಅವನ ಮನೆಯಲ್ಲಿ ಮಿಂದವರೆಲ್ಲ ಮೀಯುವ ಮೊದಲಿಗಿಂತ ಕಪ್ಪಾಗಿ ಹೊರಬರುತ್ತಿದ್ದರಂತೆ. ಮೂರು ಕಲ್ಲಿಟ್ಟು ಒಲೆ ಹೂಡಿದೆವು. ನೀರು ಮಸಿಯಾಗಿ ಕುದಿಯತೊಡಗಿತು. ಸೀರೆ ಒಳಗೆ ಹೋಗುವಾಗ ಗೋದಾಬಾಯಿ ಕಣ್ಣು ಮುಚ್ಚಿಕೊಂಡರು. ನಾನು ಕೋಲಿನಿಂದ ತಿರುವುತ್ತ ನಿಂತೆ. ಕುದಿಯುವ ನೀರಿನಲ್ಲಿ ನಮ್ಮ ಪೇಸ್ಟು ಮೆತ್ತಗಾಗುತ್ತದೆಯೇ, ಬಿರಿಯುತ್ತದೆಯೇ, ಎದ್ದು ಬರುತ್ತದೆಯೇ ಎಂದು ಓದಿದ್ದನ್ನೆಲ್ಲ ನೆನೆಸಿಕೊಂಡೆ. ಪುಸ್ತಕಗಳಲ್ಲಿ ಹಂಡೆಯ ಪ್ರಸ್ತಾಪವಿರಲಿಲ್ಲ.

ಹೊರತೆಗೆದು ನಲ್ಲಿಯ ಕೆಳಗೆ ಹಿಡಿದೆವು. ಎಲ್ಲವೂ ಕರಿ. ಸೀರೆ ಕರಿ, ಸೆರಗು ಕರಿ. ಗಿಳಿಗಳಿದ್ದ ಜಾಗವೂ ಕರಿ. ರುದ್ರಣ್ಣ ನನ್ನ ಭುಜದ ಮೇಲೆ ಕೈಯಿಟ್ಟ. ಸತ್ತವರ ಮನೆಯಲ್ಲಿ ಇಡುವ ಹಾಗೆ.

ಶಾಂತಕ್ಕ ನೀರು ಬಿಡುತ್ತಲೇ ಇದ್ದಳು. ಹೆಬ್ಬೆರಳಿನಿಂದ ಸೆರಗಿನ ಮೇಲೆ ಒಂದು ಕಡೆ ತಿಕ್ಕಿದಳು. ಮಸಿ ಸರಿದು ಕೆಂಪು ಇಣುಕಿತು.

"ಕೊಕ್ಕು!" ಎಂದು ಕೂಗಿದಳು. "ಬಾಯಾರ, ಕೊಕ್ಕು ಬಂತ್ರಿ!"

ನಾಲ್ವರೂ ಬಗ್ಗಿದೆವು. ತಿಕ್ಕಿದಂತೆಲ್ಲ ರೆಕ್ಕೆ ಬಂತು, ಕಣ್ಣು ಬಂತು, ಮಾವಿನ ಎಲೆ ಬಂದವು. ಬಣ್ಣಗಳ ಹೊಳಪು ಸ್ವಲ್ಪ ಇಳಿದಿತ್ತು. ನಾನು ಅದನ್ನು ಹೇಳಬೇಕೆನ್ನುವಷ್ಟರಲ್ಲಿ ಗೋದಾಬಾಯಿ ಸೆರಗನ್ನು ಬೆಳಕಿಗೆ ಹಿಡಿದು ತಲೆಯಾಡಿಸಿದರು.

"ಈಗ ಛಂದ ಆದ್ವು ನೋಡ್ರಿ. ಮೊದಲ ಭಾಳ ಹಲ್ಲು ಕಿಸೀತಿದ್ವು."

ಹಬ್ಬದ ಮರುದಿನ ಎಳ್ಳುಬೆಲ್ಲ ಕಳಿಸಿ ಹೇಳಿಸಿದರು. ನೆಗೆಣ್ಣಿ ಸೆರಗನ್ನು ಮುಟ್ಟಿ ಮುಟ್ಟಿ ನೋಡಿ, ಯಾವ ಊರಿನ ಕೆಲಸ ಎಂದು ಕೇಳಿದಳಂತೆ. ಗೋದಾಬಾಯಿ ಹೇಳಲಿಲ್ಲವಂತೆ. ಸೊಸೆ ಉಟ್ಟದ್ದು ಈ ಗಿಳಿಯ ಸೀರೆಯೇ ಎಂದು ನಾನು ಖಚಿತವಾಗಿ ಬರೆಯುತ್ತಿದ್ದೇನೆ. ಶಾಂತಕ್ಕ ಮಾತ್ರ ಈಗ, ಅವು ಗಿಳಿಯಲ್ಲ, ನವಿಲು ಎನ್ನುತ್ತಾಳೆ. ಕೊಕ್ಕು ಎಂದು ಕೂಗಿದವಳು ಅವಳೇ.

ಗಡುವಿನೊಳಗೆ ಕರಿ ಬಟ್ಟೆ ಉಳಿದಿತ್ತು. ಬರೀ ಒಗೆತ ಅಲ್ಲ, ಕುದಿತವನ್ನೂ ಗೆದ್ದಿತ್ತು. ನಾನು ತಲೆ ಎತ್ತಿಕೊಂಡು ರುದ್ರಣ್ಣನ ಬಳಿ ಹೋಗಿ ಭಟ್ಟಿಯ ಮಾತೆತ್ತಿದೆ.

"ಭಟ್ಟಿ ಯಾಕ್ರಿ ಇನ್ನ?" ಎಂದ. ಅವನ ಕಣ್ಣುಗಳು ಹೊಳೆಯುತ್ತಿದ್ದವು. "ಎರಡ್ ವರ್ಷ ನಾವು ಕರೇದರ ಮ್ಯಾಲ ಬಣ್ಣಾ ಹಾಕಾಕ ಒದ್ದಾಡಿದ್ವಿ. ಉಲ್ಟಾ ಇತ್ತದು! ಬಿಳೇ ಅರಿವಿ ಮ್ಯಾಲ ಬಣ್ಣಾ ಹಾಕೂದು, ಆಮ್ಯಾಲ ಅರಿವೀನ ಕರೇ ಮಾಡೂದು. ಅಸ್ತರಾ ಬ್ಯಾಡ, ಇಸ್ತ್ರಿ ಬ್ಯಾಡ, ಭಟ್ಟಿ ಬ್ಯಾಡ. ಹಂಡೆ ಸಾಕು!"

"ರುದ್ರಣ್ಣಾರ, ಗಿಳಿ ಉಳಿದದ್ದು ಅಸ್ತರದಿಂದ, ಇಸ್ತ್ರಿಯಿಂದ್ರಿ. ಅವಿಲ್ಲಂದ್ರ ಕರೇ ಒಳಗ ಇಳೀತದ."

"ಸಾಹೇಬ್ರ, ನೀವು ಕಣ್ಣಿಂದ ಕಂಡದ್ದನ್ನೂ ನಂಬೂದಿಲ್ಲ."

ವಿಶ್ವವಿದ್ಯಾಲಯದಲ್ಲಿ ನನಗೆ ಕಲಿಸಿದ್ದೇ ಅದು. ಎರಡು ವರ್ಷ ಭಟ್ಟಿ ಕೇಳಿದ್ದಕ್ಕೆ ಸಂತೆಯಿಂದ ಒಂದು ದೊಡ್ಡ ಹಂಡೆ ಬಂತು. ರುದ್ರಣ್ಣ ಅದಕ್ಕೆ ಕುಂಕುಮ ಹಚ್ಚಿದ.

ಹಂಡೆಯ ಮೊದಲ ಗಿರಾಕಿ ಈರಪ್ಪ. ಹುಬ್ಬಳ್ಳಿಯಲ್ಲಿ ಅವನದೊಂದು ಖಾನಾವಳಿ. ಬಿಳಿ ಅಂಗಿಯ ಮೇಲೆ ಸಾರು ಬಿದ್ದರೆ ಕಾಣುತ್ತದೆಂದು ಬಡಿಸುವವರಿಗೆಲ್ಲ ಕರಿ ಅಂಗಿ ಹೊಲಿಸಲು ಹೊರಟಿದ್ದ. ಎದೆಯ ಮೇಲೆ ಊಟದ ತಾಟಿನ ಬಣ್ಣದ ಫೋಟೋ ಬೇಕು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು, ಮಗ್ಗುಲಿಗೆ ಒಂದು ಉಳ್ಳಾಗಡ್ಡಿ.

ರುದ್ರಣ್ಣ ಬಿಳಿ ಅಂಗಿಗಳನ್ನೇ ತರಿಸಿದ. ನಾಲ್ಕು ಬಣ್ಣ ಹಾಕಿದೆವು. ಬಿಳಿಯ ಮೇಲೆ ಊಟ ಎಷ್ಟು ಚೆನ್ನಾಗಿ ಮೂಡಿತ್ತೆಂದರೆ ಶಾಂತಕ್ಕ ಡಬ್ಬಿ ಬಿಚ್ಚಿ ಊಟಕ್ಕೆ ಕುಳಿತಳು. ಆಮೇಲೆ ಅಂಗಿಗಳು ಹಂಡೆಗೆ ಇಳಿದವು. ತೆಗೆದು ತೊಳೆದೆವು. ತೊಳೆದೇ ತೊಳೆದೆವು. ಶಾಂತಕ್ಕ ಹೆಬ್ಬೆರಳು ನೋಯುವವರೆಗೆ ತಿಕ್ಕಿದಳು. ಏನೋ ಇತ್ತು, ಇಲ್ಲವೆನ್ನುವಂತಿಲ್ಲ. ತಾಟಿನ ದುಂಡು ಆಕಾರ, ಅದರೊಳಗೆ ರೊಟ್ಟಿಯ ದುಂಡು ಆಕಾರ. ಎಲ್ಲವೂ ಕರಕಲು.

ಈರಪ್ಪ ಬಂದು ಒಂದು ಅಂಗಿಯನ್ನು ಎತ್ತಿ ಹಿಡಿದ. ಹಿಂದೆ ಮುಂದೆ ತಿರುಗಿಸಿ ನೋಡಿದ.

"ರುದ್ರಣ್ಣಾರ," ಎಂದ ಕೊನೆಗೆ, "ನಮ್ಮ ರೊಟ್ಟಿ ಹೊತ್ತಿಸಿ ಕೊಟ್ಟೀರಲ್ರಿ. ಇದನ್ನ ತೊಟ್ಟು ಬಡಿಸಿದ್ರ ಯಾರರ ಉಣ್ಣಾಕ ಬರ್ತಾರೇನು?"

ಈರಪ್ಪ ಹೋದ ಮೇಲೂ ರುದ್ರಣ್ಣ ಹಂಡೆಯ ಅಂಚಿನ ಮೇಲೆ ಕೈಯಿಟ್ಟು ಅದರೊಳಗೆ ನೋಡುತ್ತ ನಿಂತಿದ್ದ. ಆಮೇಲೆ, ನನ್ನ ಕಡೆ ತಿರುಗದೆಯೇ, ಬೇರೆ ಯಾರದೋ ವಿಷಯ ಕೇಳುವವನಂತೆ ಕೇಳಿದ:

"ಸಾಹೇಬ್ರ, ಆ ಭಟ್ಟಿ ಎಲ್ಲಿ ಸಿಗತೈತಿ ಅಂದಿದ್ರಿ?"

ಗಿಳಿಗಳು ಗೆದ್ದಾಗ ಹಂಡೆ ಬಂದಿತ್ತು. ರೊಟ್ಟಿ ಸೀದಾಗ ಭಟ್ಟಿ ಬಂತು. ಮೇಲಿನವರನ್ನು ಒಪ್ಪಿಸುವುದು ಹೇಗೆ ಎಂದು ಹೊಸಬರು ಕೇಳಿದರೆ ನನಗೆ ಗೊತ್ತಿರುವುದು ಇಷ್ಟೇ.

ಭಟ್ಟಿ ಲಾರಿಯಲ್ಲಿ ಬಂದು ಇಳಿಯಿತು. ರುದ್ರಣ್ಣ ಕಾಯಿ ಒಡೆದ. "ಇನ್ನ ನನ್ನ ಕೈ ಉಳೀತು," ಎಂದು ಶಾಂತಕ್ಕ ಇಸ್ತ್ರಿಯನ್ನು ಮನೆಗೆ ಒಯ್ದಳು. ಈರಪ್ಪನಿಗೆ ಹೇಳಿಕಳಿಸಿ, ಈ ಸಲ ಕರಿ ಅಂಗಿಗಳನ್ನೇ ತಂದು, ಅಸ್ತರ ಹಾಕಿ, ಒಣಗಿಸಿ, ಅದರ ಮೇಲೆ ಊಟ ಬಡಿಸಿದೆವು. ಅವನು ನಂಬಿಕೆಯಿಲ್ಲದ ಮುಖ ಹೊತ್ತು ಭಟ್ಟಿಯ ಹೊರಬಾಯಿಯ ಹತ್ತಿರ ನಿಂತಿದ್ದ. ಪಟ್ಟಿ ನಿಧಾನಕ್ಕೆ ತಿರುಗಿ ಮೊದಲ ಅಂಗಿಯನ್ನು ಹೊರಗೆ ತಂದಿತು. ಕರಿ ಎದೆಯ ಮೇಲೆ ಬೆಳ್ಳಗೆ ರೊಟ್ಟಿ, ಕೆಂಪಗೆ ಎಣ್ಣೆಗಾಯಿ, ಉಳ್ಳಾಗಡ್ಡಿಯ ಒಂದೊಂದು ಪದರ.

ಈರಪ್ಪ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ರೊಟ್ಟಿಯ ಮೇಲೆ ಅಂಗೈ ಇಟ್ಟ. ಇಟ್ಟ ಕೈಯನ್ನು ಹಾಗೆಯೇ ಬಿಟ್ಟು ನನ್ನ ಕಡೆ ನೋಡಿದ.

"ಹಾಂ. ಈಗ ರೊಟ್ಟಿ ಬಿಸಿ ಅದಾವ," ಎಂದ. "ಉಳಿದವನ್ನ ಆರೂದ್ರೊಳಗ ಪಾರ್ಸಲ್ ಮಾಡ್ರಿ."